ಒಂಟಿ ಎಲೆ ಯಾಕೆ ಬಳ್ಳಿಯಾಗಲಿಲ್ಲ? ಹೋಯಾ ಬೆಳೆಸುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೂರು ವರ್ಷದ ಹಿಂದೆ ಗೆಳತಿಯೊಬ್ಬಳು ಪುಟ್ಟ ಕುಂಡದಲ್ಲಿ ಹೃದಯದ ಆಕಾರದ ಒಂದೇ ಒಂದು ದಪ್ಪ ಎಲೆ ನೆಟ್ಟು ಕೊಟ್ಟಿದ್ದಳು. ಇದು ಹೋಯಾ, ಬಳ್ಳಿಯಾಗಿ ಹಬ್ಬಿ ಹೂ ಬಿಡುತ್ತದೆ ಅಂದಿದ್ದಳು. ಇವತ್ತಿಗೂ ಅದು ಒಂದೇ ಎಲೆ. ಬಾಡಿಲ್ಲ, ಬೆಳೆದೂ ಇಲ್ಲ. ನನ್ನ ಹತ್ತಿರ ಉದ್ದ ಎಲೆಯ ಇನ್ನೊಂದು ಹೋಯಾ ಇದೆ. ಹೋದ ವರ್ಷ ಒಂದೇ ಒಂದು ಸಲ ತಿಳಿಗುಲಾಬಿ ಗೊಂಚಲು ಬಿಟ್ಟಿತ್ತು. ಹೂ ಉದುರಿದ ಮೇಲೆ ಉಳಿದ ಬೋಳು ತೊಟ್ಟು, ಎಲೆಯಿಲ್ಲದ ಉದ್ದ ಕುಡಿಗಳು ಎಲ್ಲವನ್ನೂ ಕತ್ತರಿಸಿ ಚೊಕ್ಕ ಮಾಡಿ, ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ಈ ವರ್ಷ ಹೂವೇ ಇಲ್ಲ. ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ತಪ್ಪಿದ್ದೆಲ್ಲಿ? ಇದರಿಂದ ಹೊಸ ಗಿಡ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಆ ಒಂಟಿ ಎಲೆಯ ವಿಚಾರ. ನಿಮ್ಮ ಆರೈಕೆಯಲ್ಲಿ ಏನೂ ಕೊರತೆಯಾಗಿಲ್ಲ. ಇನ್ನೂ ಮೂರು ವರ್ಷ ನೋಡಿಕೊಂಡರೂ ಆ ಎಲೆ ಬಹುಶಃ ಹಾಗೇ ಇರುತ್ತದೆ. ಅದಕ್ಕೆ ಗೆಣ್ಣಿಲ್ಲ.

ಎಲೆಯ ತೊಟ್ಟು ಕಾಂಡಕ್ಕೆ ಬಂದು ಕೂಡುವ ಉಬ್ಬಿದ ಜಾಗವೇ ಗೆಣ್ಣು. ಕಬ್ಬಿನ ಜಲ್ಲೆಯಲ್ಲಿ ಎದ್ದು ಕಾಣುತ್ತದೆ, ಹೋಯಾದಲ್ಲಿ ಸ್ವಲ್ಪ ಹುಡುಕಬೇಕು. ತೊಟ್ಟಿಗೂ ಕಾಂಡಕ್ಕೂ ನಡುವಿನ ಸಂದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಮೊಗ್ಗೊಂದು ಅಡಗಿರುತ್ತದೆ. ಹೊಸ ಕುಡಿ ಹೊರಡುವುದು ಅಲ್ಲಿಂದ. ಕಾಡುಬಸಳೆಯ ಎಲೆ ಕಿತ್ತು ನೆಲದ ಮೇಲೆ ಹಾಕಿದರೂ ಸಾಕು, ಅಂಚಿನುದ್ದಕ್ಕೂ ಮರಿಗಿಡಗಳು ಏಳುತ್ತವೆ. ಹೋಯಾ ಎಲೆಗೆ ಆ ಶಕ್ತಿಯಿಲ್ಲ. ತೊಟ್ಟಿನ ತುದಿಯಿಂದ ಬೇರನ್ನೇನೋ ಬಿಡುತ್ತದೆ, ಚಿಗುರು ಹುಟ್ಟಿಸಲಾರದು. ಎಲೆ ದಪ್ಪ, ಒಳಗೆ ನೀರು ಕೂಡಿಟ್ಟುಕೊಂಡಿರುತ್ತದೆ, ಬೇರು ಇನ್ನಷ್ಟು ನೀರು ಕೊಡುತ್ತದೆ, ಬೆಳಕಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ವರ್ಷಗಟ್ಟಲೆ ಹಸಿರಾಗಿ ಬದುಕುತ್ತದೆ, ಬಳ್ಳಿಯಾಗುವುದಿಲ್ಲ.

ಒಂದು ಸಣ್ಣ ಆಸೆ ಉಳಿದಿದೆ, ಅದನ್ನೂ ನೋಡಿಬಿಡಿ. ಎಲೆಯನ್ನು ಎಳೆಯಬೇಡಿ. ಕುಂಡದ ಮೇಲ್ಮಣ್ಣನ್ನು ಹಲ್ಲುಕಡ್ಡಿಯಿಂದ ನಿಧಾನ ಸರಿಸಿ, ತೊಟ್ಟು ಎಲ್ಲಿ ಮುಗಿಯುತ್ತದೆ ನೋಡಿ. ಕೆಳಗೆ ಕಾಂಡದ ಚೂರೊಂದು ಅಡ್ಡಲಾಗಿ ಅಂಟಿಕೊಂಡಿದ್ದರೆ, ಗೆಣ್ಣು ಅದರಲ್ಲಿ ಉಳಿದಿರಬಹುದು. ಹಾಗಿದ್ದರೆ ಕುಂಡವನ್ನು ಇನ್ನೂ ಬೆಳಕಿರುವ ಕಡೆ ಇಟ್ಟು ಕಾಯಿರಿ, ತಡವಾಗಿಯಾದರೂ ಚಿಗುರೊಡೆಯುತ್ತದೆ. ಬರೀ ತೊಟ್ಟು ಬೇರಿಗೆ ಸೇರಿಕೊಂಡಿದ್ದರೆ ಅದನ್ನು ಚೆಂದದ ಒಂದು ಎಲೆ ಅಂತಲೇ ಇಟ್ಟುಕೊಳ್ಳಿ. ಗೊಬ್ಬರ, ಹಾರ್ಮೋನು ಅಂತ ಖರ್ಚು ಮಾಡಬೇಡಿ. ಮಾರುವವರು ಈ ಮಾತನ್ನು ಕುಂಡದ ಮೇಲೆ ಬರೆದು ಅಂಟಿಸಬೇಕಿತ್ತು ಅನ್ನುವುದು ನನ್ನ ಬಹಳ ದಿನದ ಬೇಸರ. ಎಷ್ಟೋ ಜನ ಇದೊಂದು ಎಲೆಯಿಂದಾಗಿ ತಮ್ಮ ಕೈಗುಣವೇ ಸರಿಯಿಲ್ಲ ಅಂದುಕೊಂಡು ಗಿಡ ಬೆಳೆಸುವುದನ್ನೇ ಬಿಟ್ಟಿದ್ದಾರೆ.

ಈ ಹೃದಯದೆಲೆಯ ಜಾತಿಗೆ ಹೋಯಾ ಕೆರ್ರಿ ಅಂತ ಹೆಸರು. ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ವೈದ್ಯರಾಗಿದ್ದುಕೊಂಡೇ ಗಿಡಗಳನ್ನು ಸಂಗ್ರಹಿಸಿದ ಆರ್ಥರ್ ಕೆರ್ ಅವರ ನೆನಪಿಗೆ 1911ರಲ್ಲಿ ಇಟ್ಟ ಹೆಸರು. ಕಾಡಿನಲ್ಲಿ ಅದು ಮರವೇರಿ ಹಬ್ಬುವ ಗಟ್ಟಿಮುಟ್ಟು ಬಳ್ಳಿ. ನಿಮಗೆ ಆ ಬಳ್ಳಿಯೇ ಬೇಕೆಂದರೆ, ಕಾಂಡ ಕಾಣುವಂಥ, ಕನಿಷ್ಠ ಎರಡು ಜೋಡಿ ಎಲೆ ಇರುವ ಗಿಡ ತನ್ನಿ.

ಇನ್ನು ನಿಮ್ಮ ಉದ್ದ ಎಲೆಯ ಹೋಯಾ. ತಿಳಿಗುಲಾಬಿ ಗೊಂಚಲು ಅಂದಿರಿ. ಅದು ಬಹುಪಾಲು ಹೋಯಾ ಕಾರ್ನೋಸಾ ಇರಬೇಕು, ಮನೆಗಳಲ್ಲಿ ಹೆಚ್ಚಾಗಿ ಇರುವುದೇ ಅದು. ಅದರ ಸ್ವಭಾವ ತಿಳಿಯಬೇಕಾದರೆ ಅದು ಹುಟ್ಟಿ ಬೆಳೆಯುವ ಜಾಗ ಮನಸ್ಸಿಗೆ ತಂದುಕೊಳ್ಳಿ. ಭಾರತದಿಂದ ಹಿಡಿದು ಆಗ್ನೇಯ ಏಷ್ಯಾ, ನ್ಯೂಗಿನಿ, ಆಸ್ಟ್ರೇಲಿಯಾದ ಉತ್ತರ ಭಾಗದವರೆಗೂ ಹೋಯಾ ಜಾತಿಗಳಿವೆ, ಎಣಿಸಿದರೆ 300ಕ್ಕೂ ಹೆಚ್ಚು. ಹೆಚ್ಚಿನವು ಸೀತಾಳೆಯ ಹಾಗೆ ಮರದ ಮೇಲೆ ವಾಸ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ತೊಗಟೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಹಾವಸೆ, ತರಗೆಲೆಯ ಪುಡಿ, ಅಷ್ಟರಲ್ಲೇ ಬೇರೂರುತ್ತವೆ. ಮಳೆ ಬಂದಾಗ ಬೇರು ತೊಯ್ದು ತೊಪ್ಪೆಯಾಗುತ್ತದೆ, ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಗಾಳಿಗೆ ಒಣಗುತ್ತದೆ. ಕಾರ್ನೋಸಾ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆದು ಉಸಿರಾಡುವ ಗಿಡ, ನೀರು ಉಳಿಸುವ ಉಪಾಯ ಅದು. ಇಂಥ ಬೇರನ್ನು ತಂದು ದೊಡ್ಡ ಕುಂಡದ ಜಿಗಟು ಮಣ್ಣಿನಲ್ಲಿ ಹೂತು ದಿನಾ ನೀರು ಹಾಕಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಕೆಳಗಿನ ಎಲೆ ಹಳದಿಯಾಗುತ್ತಿರುವುದು ಅದಕ್ಕೇ.

ಹೋಯಾ ಬೆಳೆಸಲು ಶುರುಮಾಡಿದ ಹೊಸದರಲ್ಲಿ ನಾನು ಕಳೆದುಕೊಂಡ ಮೊದಲ ಗಿಡವೂ ಹೀಗೇ ಹೋಯಿತು. ಬೇರು ಕುಂಡ ತುಂಬಿದೆ, ಪಾಪ ಇಕ್ಕಟ್ಟಾಗಿದೆ ಅನ್ನಿಸಿ ಮೂರು ಪಟ್ಟು ದೊಡ್ಡ ಕುಂಡಕ್ಕೆ ಹಾಕಿದೆ. ಮೇಲ್ಮಣ್ಣು ಮುಟ್ಟಿ ನೋಡಿದರೆ ಒಣಗಿರುತ್ತಿತ್ತು, ನೀರು ಹಾಕುತ್ತಿದ್ದೆ. ಕೆಳಗೆ ಅರ್ಧ ಕುಂಡ ವಾರಗಟ್ಟಲೆ ಹಸಿಯಾಗಿಯೇ ಇತ್ತು. ಎಲೆ ಸುಕ್ಕಾದಾಗ ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕೈಗೆ ಬಂತು, ಒಳಗೆ ದಾರದಂಥ ನಾರು ಮಾತ್ರ ಉಳಿದಿತ್ತು. ಬೇರು ಕೊಳೆತರೂ ಎಲೆ ಸುಕ್ಕಾಗುತ್ತದೆ, ಒಣಗಿದರೂ ಸುಕ್ಕಾಗುತ್ತದೆ. ಮಣ್ಣು ಹಸಿಯಿದ್ದೂ ಎಲೆ ಸುಕ್ಕಾಗಿದ್ದರೆ ನೀರು ಹಾಕದೆ ಬೇರು ನೋಡಿ.

ಹಾಗಾಗಿ ಈ ವಾರವೇ ನಿಮ್ಮ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಒದ್ದೆ ಮಣ್ಣನ್ನು ಉದುರಿಸಿ. ಬಿಳಿ ಅಥವಾ ತಿಳಿಕಂದು ಬಣ್ಣದ ಗಟ್ಟಿ ಬೇರು ಜೀವಂತ. ಕಪ್ಪಾಗಿ ಮೆತ್ತಗಾದದ್ದನ್ನು ಸ್ಪಿರಿಟ್ಟಿನಲ್ಲಿ ಒರೆಸಿದ ಕತ್ತರಿಯಿಂದ ತೆಗೆಯಿರಿ. ಉಳಿದ ಬೇರಿನ ಉಂಡೆಗಿಂತ ಸುತ್ತಲೂ ಒಂದು ಬೆರಳಗಲ ಮಾತ್ರ ದೊಡ್ಡದಾದ, ತಳದಲ್ಲಿ ತೂತಿರುವ ಕುಂಡ ಸಾಕು. ಹಳೆಯ ಕುಂಡ ಇದ್ದರೆ ಅದೇ ಒಳ್ಳೆಯದು. ನಾನು ಹಾಕುವ ಮಿಶ್ರಣ ಹೀಗೆ: ಎರಡು ಪಾಲು ತೆಂಗಿನ ಸಿಪ್ಪೆಯ ತುಂಡು ಇಲ್ಲವೇ ಮರದ ತೊಗಟೆ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರವಾದ ಬಿಳಿ ಹರಳು), ಒಂದು ಹಿಡಿ ಇದ್ದಿಲ ಚೂರು. ತೆಂಗಿನ ಸಿಪ್ಪೆಯನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆದೇ ಬಳಸಿ. ನೀರು ಹಾಕಿದ ತಕ್ಷಣ ತಳದಿಂದ ಸುರಿಯಬೇಕು, ಮೇಲೆ ಕೆರೆಯಂತೆ ನಿಲ್ಲಬಾರದು.

ಈಗ ಹೊಸ ಗಿಡದ ಮಾತಿಗೆ ಬರೋಣ. ಬೇರು ಕೊಳೆಯುತ್ತಿರುವ ಶಂಕೆ ಇರುವುದರಿಂದ ಇದು ಆಸೆಗಷ್ಟೇ ಅಲ್ಲ, ವಿಮೆಗೂ ಬೇಕು. ತಾಯಿಗಿಡ ಹೋದರೂ ಅದರಿಂದ ಕತ್ತರಿಸಿ ನೆಟ್ಟ ಕಾಂಡದ ತುಂಡು, ಅಂದರೆ ಕಡ್ಡಿ, ಉಳಿಯುತ್ತದೆ.

ಕಡ್ಡಿ ತೆಗೆಯುವುದು ಗಿಡ ಚಿಗುರುತ್ತಿರುವ ಬೆಚ್ಚನೆಯ ದಿನಗಳಲ್ಲಿ ಇರಲಿ. ತುದಿಯ ಎಳೆ ಕುಡಿ ಬೇಡ, ಬೇಗ ಬಾಡುತ್ತದೆ. ಬುಡದ ಮರದಂಥ ಕಾಂಡವೂ ಬೇಡ, ಬೇರು ಬಿಡಲು ತಿಂಗಳುಗಟ್ಟಲೆ ಕಾಯಿಸುತ್ತದೆ. ಎರಡರ ನಡುವಿನದು, ಹಸಿರಾಗಿದ್ದೂ ಬಗ್ಗಿಸಿದರೆ ಸ್ವಲ್ಪ ಸೆಟೆಯುವಂಥದು ಬೇಕು. ಕನಿಷ್ಠ ಎರಡು ಗೆಣ್ಣು ಇರಬೇಕು, ಒಂದು ಒಳಗೆ ಹೋಗಿ ಬೇರು ಬಿಡಲು, ಇನ್ನೊಂದು ಮೇಲಿದ್ದು ಚಿಗುರಲು. 10ರಿಂದ 15 ಸೆಂಟಿಮೀಟರ್ ಉದ್ದ ಸಾಕು. ಕೆಳಗಿನ ಗೆಣ್ಣಿನಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಆ ಗೆಣ್ಣಿನ ಎಲೆಗಳನ್ನು ತೆಗೆಯಿರಿ. ಗೆಣ್ಣಿನ ಸುತ್ತ ಪುಟ್ಟ ಪುಟ್ಟ ಮುಳ್ಳಿನಂತೆ ಕಂದು ಚುಕ್ಕೆ ಎದ್ದಿದ್ದರೆ ಅಂಥ ಕಡ್ಡಿಯನ್ನೇ ಆರಿಸಿಕೊಳ್ಳಿ. ಅವು ಗಾಳಿಬೇರಿನ ಮೊನೆಗಳು, ತೇವ ತಾಗಿದರೆ ಸಾಕು, ಉದ್ದವಾಗುತ್ತವೆ.

ಕತ್ತರಿಸಿದ ಕೂಡಲೇ ಎರಡೂ ಕಡೆ ಹಾಲು ಒಸರುತ್ತದೆ. ಗಾಬರಿ ಬೇಡ, ಹೋಯಾ ಎಕ್ಕ ಕಣಗಿಲೆಗಳ ಕುಟುಂಬದ ಬಳ್ಳಿ. ಆ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಚರ್ಮಕ್ಕೂ ಕೆಲವರಿಗೆ ಆಗಿಬರುವುದಿಲ್ಲ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಒದ್ದೆ ಬಟ್ಟೆಯಿಂದ ಹಾಲನ್ನು ಒರೆಸಿ ಕಡ್ಡಿಯನ್ನು ನೆರಳಿನಲ್ಲಿ ಎರಡು ಮೂರು ಗಂಟೆ ಹಾಗೇ ಇಡಿ. ಗಾಯ ಒಣಗಿ ಪೊರೆ ಕಟ್ಟಿದರೆ ಕೊಳೆಯುವ ಭಯ ಕಡಿಮೆ.

ಮುಂದೆ ಎರಡು ದಾರಿ. ನೀರಿನಲ್ಲಿ ಇಡುವುದು ಹೊಸಬರಿಗೆ ಹಿತ, ಬೇರು ಬರುವುದು ಕಣ್ಣಿಗೆ ಕಾಣುತ್ತದೆ. ಗಾಜಿನ ಲೋಟದಲ್ಲಿ ಕೆಳಗಿನ ಒಂದು ಗೆಣ್ಣು ಮಾತ್ರ ಮುಳುಗುವಷ್ಟು ನೀರು, ಎಲೆ ಮುಳುಗಬಾರದು. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಕಾರ್ನೋಸಾ ಎರಡು ಮೂರು ವಾರಕ್ಕೆ ಬೇರು ತೋರಿಸುತ್ತದೆ, ಕೆರ್ರಿಗೆ ಅದರ ದುಪ್ಪಟ್ಟು ಹಿಡಿಯಬಹುದು. ಬೇರು 3ರಿಂದ 5 ಸೆಂಟಿಮೀಟರ್ ಆದ ಕೂಡಲೇ ಕುಂಡಕ್ಕೆ ಹಾಕಿ. ಉದ್ದ ಬೇರು ನೋಡಲು ಚೆಂದ ಅಂತ ತಿಂಗಳುಗಟ್ಟಲೆ ನೀರಲ್ಲೇ ಬಿಡಬೇಡಿ. ನೀರಿನಲ್ಲಿ ಬೆಳೆದ ಬೇರು ಮೆದು, ಒಣ ಮಿಶ್ರಣಕ್ಕೆ ಒಗ್ಗಲು ಕಷ್ಟಪಡುತ್ತದೆ. ನೆಟ್ಟ ಮೇಲೆ ಮೊದಲ ಎರಡು ವಾರ ಎಂದಿಗಿಂತ ಸ್ವಲ್ಪ ಹೆಚ್ಚು ತೇವ ಇರಲಿ.

ನನಗೆ ಇಷ್ಟವಾದದ್ದು ಎರಡನೆಯ ದಾರಿ: ನೇರವಾಗಿ ಕೋಕೋಪೀಟ್ ಮತ್ತು ಪರ್ಲೈಟ್ ಸಮಪಾಲು ಬೆರೆಸಿ ಅದರಲ್ಲಿ ಊರುವುದು. ಮಿಶ್ರಣವನ್ನು ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಬೇಕು, ಅಷ್ಟೇ ತೇವ. ಬೇರು ಬರಿಸುವ ಹಾರ್ಮೋನ್ ಪುಡಿ ಇದ್ದರೆ ಅದ್ದಿ, ಇಲ್ಲದಿದ್ದರೂ ಕಾರ್ನೋಸಾಗೆ ನಷ್ಟವಿಲ್ಲ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ನಾಲ್ಕಾರು ತೂತು ಮಾಡಿ. ಬೆಳಕಿರಲಿ, ನೇರ ಬಿಸಿಲು ಬೇಡವೇ ಬೇಡ, ಚೀಲದೊಳಗೆ ಕಡ್ಡಿ ಬೆಂದುಹೋಗುತ್ತದೆ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇದ್ದರೆ ಬೇರು ಬೇಗ. ದಿನಾ ಕಿತ್ತು ನೋಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಮೇಲಿನ ಗೆಣ್ಣಿನಲ್ಲಿ ಚಿಗುರು ಒಡೆದರೆ ಅಥವಾ ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿ ಹಿಡಿದರೆ ಬೇರು ಬಂತು ಅಂತ ತಿಳಿಯಿರಿ.

ತಾಯಿಗಿಡವನ್ನು ಕತ್ತರಿಸಲು ಮನಸ್ಸು ಬಾರದವರಿಗೆ ಇನ್ನೊಂದು ಉಪಾಯವಿದೆ. ಉದ್ದ ಕುಡಿಯೊಂದನ್ನು ಪಕ್ಕದ ಪುಟ್ಟ ಕುಂಡಕ್ಕೆ ಬಗ್ಗಿಸಿ, ಗೆಣ್ಣು ಮಿಶ್ರಣಕ್ಕೆ ತಾಗುವಂತೆ ತಲೆಪಿನ್ನಿನಿಂದ ಒತ್ತಿ ಹಿಡಿಸಿ. ಬಳ್ಳಿ ತಾಯಿಯ ನೀರು ಕುಡಿಯುತ್ತಲೇ ಅಲ್ಲಿ ಬೇರು ಬಿಡುತ್ತದೆ. ಒಂದೂವರೆ ಎರಡು ತಿಂಗಳ ಮೇಲೆ ನಡುವೆ ಕತ್ತರಿಸಿದರೆ ಆಯಿತು. ದಪ್ಪ ಕಾಂಡದ ಕೆರ್ರಿಗೆ ಇದೇ ನಂಬಿಕೆಯ ವಿಧಾನ.

ಬಣ್ಣದೆಲೆಯ ಕಾರ್ನೋಸಾ ಇರುವವರು ಒಂದು ವಿಷಯ ಗಮನಿಸಿ. ಎಲೆಯ ಅಂಚು ಬಿಳಿ-ಗುಲಾಬಿಯಾಗಿರುವ ಕ್ರಿಮ್ಸನ್ ಕ್ವೀನ್, ನಡುಭಾಗ ಬಿಳಿಯಾಗಿರುವ ಕ್ರಿಮ್ಸನ್ ಪ್ರಿನ್ಸೆಸ್, ಇವುಗಳಲ್ಲಿ ಆಗಾಗ ಹಸಿರೇ ಇಲ್ಲದ ಅಚ್ಚಬಿಳಿ ಕುಡಿ ಬರುತ್ತದೆ. ನೋಡಲು ಮೋಹಕ, ಆದರೆ ಅದನ್ನು ಕಡ್ಡಿ ಮಾಡಿ ನೆಟ್ಟರೆ ಆಹಾರ ತಯಾರಿಸಲಾಗದೆ ಸಾಯುತ್ತದೆ. ಹಸಿರು ಬಿಳಿ ಎರಡೂ ಬೆರೆತ ಕಡ್ಡಿಯನ್ನೇ ತೆಗೆಯಿರಿ. ಬೀಜದಿಂದ ಬೆಳೆಸುವ ಗೋಜು ಮನೆಯಲ್ಲಿ ಬೇಡ. ಬೀಜ ಬಹುಬೇಗ ಜೀವ ಕಳೆದುಕೊಳ್ಳುತ್ತದೆ, ತಾಯಿಯ ಗುಣ ಹಾಗೇ ಬರುವ ಖಾತರಿಯೂ ಇಲ್ಲ.

ಈಗ ಹೂವಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನೋವಿನ ಸುದ್ದಿ ಹೇಳಬೇಕು. ನೀವು ಚೊಕ್ಕ ಮಾಡಲು ಕತ್ತರಿಸಿದ ಆ ಬೋಳು ತೊಟ್ಟು ಒಣಗಿದ್ದಲ್ಲ. ಅದೇ ಈ ವರ್ಷ ಹೂ ಬಿಡಬೇಕಿದ್ದ ಜಾಗ.

ಹೆಚ್ಚಿನ ಹೋಯಾಗಳು ಗೊಂಚಲು ಬಿಟ್ಟ ತೊಟ್ಟನ್ನು ಬೀಳಿಸುವುದಿಲ್ಲ. ಅದರ ತುದಿಯಲ್ಲೇ ಮರುವರ್ಷ, ಅದರ ಮರುವರ್ಷ, ಮತ್ತೆ ಮತ್ತೆ ಮೊಗ್ಗು ಕಟ್ಟುತ್ತವೆ. ಪ್ರತಿಸಲ ತೊಟ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಹಳೆಯ ಗಿಡವೊಂದರ ತೊಟ್ಟನ್ನು ಭೂತಗನ್ನಡಿಯಲ್ಲಿ ನೋಡಿ: ಉದುರಿಹೋದ ಒಂದೊಂದು ಹೂವಿನ ಪುಟ್ಟ ಗುರುತು ಉಳಿದು, ತುದಿ ಒತ್ತೊತ್ತಾಗಿ ಗಂಟುಗಂಟಾಗಿರುತ್ತದೆ. ಎಷ್ಟು ಸಲ ಹೂಬಿಟ್ಟಿತು ಅನ್ನುವ ಲೆಕ್ಕ ಅಲ್ಲೇ ಬರೆದಿಟ್ಟ ಹಾಗೆ. ನಿಜಕ್ಕೂ ಸತ್ತ ತೊಟ್ಟು ಹಳದಿಯಾಗಿ, ಬೆರಳು ತಾಗಿದರೆ ತಾನೇ ಕಳಚಿ ಬೀಳುತ್ತದೆ. ಬೀಳದೆ ಗಟ್ಟಿಯಾಗಿ ಅಂಟಿಕೊಂಡದ್ದನ್ನು ಮುಟ್ಟಬೇಡಿ, ಎಷ್ಟು ಕುರೂಪವಾಗಿ ಕಂಡರೂ.

ಎಲೆಯಿಲ್ಲದ ಉದ್ದ ಕುಡಿಯ ಕಥೆಯೂ ಅದೇ. ಹೋಯಾ ಮೊದಲು ಬರೀ ಕಾಂಡವನ್ನು ಮುಂದೆ ಕಳಿಸುತ್ತದೆ, ಹಿಡಿಯಲು ಆಸರೆ ಹುಡುಕಲು. ಒಂದು ಮೀಟರ್ ಉದ್ದವಾದರೂ ಅದರ ಗೆಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಎಲೆ ಮಾತ್ರ ಕಾಣಬಹುದು. ಆಸರೆ ಸಿಕ್ಕಿದ ಮೇಲೆ ಆ ಎಲೆಗಳು ಅಗಲವಾಗುತ್ತವೆ, ಹೂವಿನ ತೊಟ್ಟು ಹೊರಡುವುದೂ ಎಷ್ಟೋ ಸಲ ಇಂಥ ಕುಡಿಗಳ ಮೇಲೆಯೇ. ಕತ್ತರಿಸುವ ಬದಲು ತಂತಿಯ ಬಳೆಯೊಂದನ್ನು ಕುಂಡಕ್ಕೆ ಚುಚ್ಚಿ, ಕುಡಿಯನ್ನು ಅದಕ್ಕೆ ಸಡಿಲವಾಗಿ ಸುತ್ತಿ. ತುದಿ ಒಣಗಿ ಕಪ್ಪಾಗಿದ್ದರೆ ಆ ಒಣ ಭಾಗವನ್ನು ಮಾತ್ರ, ಜೀವವಿರುವ ಗೆಣ್ಣಿನವರೆಗೆ, ತೆಗೆಯಿರಿ.

ತೊಟ್ಟು ಹೋಯಿತು ಅಂತ ಎಲ್ಲವೂ ಮುಗಿಯಲಿಲ್ಲ. ಒಮ್ಮೆ ಹೂಬಿಟ್ಟ ಗಿಡ ಪ್ರಾಯಕ್ಕೆ ಬಂದ ಗಿಡ. ಬೇರು ಚೇತರಿಸಿಕೊಂಡರೆ ಬೇರೆ ಗೆಣ್ಣಿನಲ್ಲಿ ಹೊಸ ತೊಟ್ಟು ಹೊರಡಿಸುತ್ತದೆ. ಕಡ್ಡಿಯಿಂದ ಮಾಡಿದ ಹೊಸ ಗಿಡ ಮಾತ್ರ ಸಾಮಾನ್ಯವಾಗಿ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಿಸುತ್ತದೆ.

ಹೂವಿಗೆ ಬೇಕಾದದ್ದು ಎಲ್ಲಕ್ಕಿಂತ ಮೊದಲು ಬೆಳಕು. ಕೋಣೆಯಲ್ಲಿ ಪುಸ್ತಕ ಓದುವಷ್ಟು ಬೆಳಕಿದೆ ಅನ್ನುತ್ತಾರೆ, ಅದು ಸಾಲದು. ನಮ್ಮ ಕಣ್ಣು ಮಬ್ಬಿಗೆ ಹೊಂದಿಕೊಳ್ಳುತ್ತದೆ, ಎಲೆ ಹಾಗೆ ಹೊಂದಿಕೊಳ್ಳದು. ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಹೋದರೆ ಬೆಳಕು ಎಷ್ಟೋ ಪಾಲು ಕುಸಿದಿರುತ್ತದೆ. ಕಿಟಕಿಯ ಪಕ್ಕದಲ್ಲೇ ಇಡಿ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ಒಳ್ಳೆಯದೇ. ಮಧ್ಯಾಹ್ನದ ಸುಡುಬಿಸಿಲಿಗೆ ಎಲೆ ಕೆಂಪಡರಿ, ಆಮೇಲೆ ಬಿಳಿಚಿ ಸುಡುತ್ತದೆ. 18ರಿಂದ 30 ಡಿಗ್ರಿ ಅದಕ್ಕೆ ಹಿತವಾದ ಹವೆ, 10 ಡಿಗ್ರಿಗಿಂತ ಕೆಳಗಿಳಿದರೆ ಒಳಗೆ ತನ್ನಿ.

ನೀರಿಗೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ, ಎಲೆಯನ್ನು ಕೇಳಿ. ಬಲಿತ ಎಲೆಯೊಂದನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಮಡಿಸಲು ನೋಡಿ. ಸೆಟೆದು ನಿಂತರೆ ನೀರು ಬೇಡ. ಮೆತ್ತಗೆ ಬಾಗಿತು, ಮಿಶ್ರಣವೂ ಒಣಗಿದೆ ಅಂದರೆ ತಳದಿಂದ ಸುರಿಯುವಷ್ಟು ಧಾರಾಳವಾಗಿ ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕೆರ್ರಿಯ ಎಲೆ ಇನ್ನೂ ದಪ್ಪ, ಅದಕ್ಕೆ ಈ ಪರೀಕ್ಷೆ ನಡೆಯದು, ಮಿಶ್ರಣವನ್ನೇ ಮುಟ್ಟಿ ನೋಡಬೇಕು. ತೆಳು ಎಲೆಯ ಹೋಯಾ ಬೆಲ್ಲಾ ಇದ್ದರೆ ಅಷ್ಟು ಒಣಗಿಸಬೇಡಿ, ಅದಕ್ಕೆ ತೇವ ಹೆಚ್ಚು ಬೇಕು. ಗೊಬ್ಬರ ಚಿಗುರುವ ಕಾಲದಲ್ಲಿ ಮಾತ್ರ: ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ನೀರಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ್ದರ ಅರ್ಧದಷ್ಟು, ಮೂರು ವಾರಕ್ಕೊಮ್ಮೆ. ಬೇರಿಗೆ ಪೆಟ್ಟಾಗಿರುವ ನಿಮ್ಮ ಗಿಡಕ್ಕೆ ಹೊಸ ಚಿಗುರು ಕಾಣುವವರೆಗೂ ಏನೂ ಹಾಕಬೇಡಿ.

ಕೀಟಗಳಲ್ಲಿ ಎರಡರ ಮೇಲೆ ಕಣ್ಣಿರಲಿ. ಗೆಣ್ಣಿನ ಸಂದಿಯಲ್ಲಿ, ಮೊಗ್ಗಿನ ಗೊಂಚಲಲ್ಲಿ ಹತ್ತಿಯ ಚೂರಿನಂತೆ ಕೂತಿದ್ದರೆ ಅದು ಹಿಟ್ಟು ತಿಗಣೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರಕ್ಕೊಮ್ಮೆ ಹಾಗೆ ನಾಲ್ಕು ವಾರ. ಒಂದೇ ಸಲಕ್ಕೆ ಹೋಗುವುದಿಲ್ಲ, ಮೊಟ್ಟೆ ಒಡೆದು ಮತ್ತೆ ಬರುತ್ತದೆ. ಎಳೆ ಕುಡಿಯಲ್ಲಿ ಹಳದಿ ಮೈ, ಕಪ್ಪು ಕಾಲಿನ ಹೇನು ಮುತ್ತಿದರೆ, ಅದು ಎಕ್ಕ ಕಣಗಿಲೆಗಳ ಮೇಲೆ ಕಾಣುವ ಅದೇ ಹೇನು. ನೀರಿನ ರಭಸಕ್ಕೆ ತೊಳೆದು, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿ. ಅರಳಿದ ಹೂವಿನ ಮೇಲೆ ಬೀಳದಿರಲಿ. ಹೂವಿನ ಕೆಳಗೆ ಎಲೆ ಅಂಟಂಟಾಗಿದ್ದರೆ ಎಲ್ಲ ಸಲವೂ ಕೀಟವೇ ಆಗಿರಬೇಕಿಲ್ಲ, ಹೋಯಾ ಹೂ ಮಕರಂದವನ್ನು ಹನಿಹನಿಯಾಗಿ ತೊಟ್ಟಿಕ್ಕುತ್ತದೆ.

ಆ ಹೂವನ್ನು ಮುಂದಿನ ಸಲ ಹತ್ತಿರದಿಂದ ನೋಡಿ. ಮೊಗ್ಗು ಐದು ಮೂಲೆಯ ಪುಟ್ಟ ಗುಂಡಿಯಂತೆ ಮುಚ್ಚಿಕೊಂಡಿರುತ್ತದೆ. ಅರಳಿದರೆ ಮಖಮಲ್ಲಿನಂಥ ನಕ್ಷತ್ರ, ಅದರ ಮೇಲೆ ಮೇಣದಲ್ಲಿ ಎರಕ ಹೊಯ್ದ ಹಾಗೆ ಇನ್ನೊಂದು ನಕ್ಷತ್ರ, ನಡುವೆ ಕೆಂಪು ಚುಕ್ಕೆ. ಎಕ್ಕದ ಹೂವಿನ ನಡುವಿನ ಕಿರೀಟ ನೆನಪಾಗದೆ ಇರದು. ಸಂಜೆಯಾದಂತೆ ಪರಿಮಳ ಏರುತ್ತದೆ, ರಾತ್ರಿಯ ಪತಂಗಗಳಿಗೆ ಕರೆ ಅದು. 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಕುಲಕ್ಕೆ ಹೆಸರಿಟ್ಟಾಗ ಇಂಗ್ಲೆಂಡಿನ ಸಯಾನ್ ಹೌಸ್ ತೋಟದ ಮಾಲಿ ಥಾಮಸ್ ಹಾಯ್ ಅವರ ಹೆಸರನ್ನು ಆರಿಸಿಕೊಂಡರು. ಗಿಡಕ್ಕೆ ರಾಜರ, ಪ್ರಭುಗಳ ಹೆಸರು ಅಂಟಿಸುತ್ತಿದ್ದ ಕಾಲದಲ್ಲಿ ಕೈ ಮಣ್ಣು ಮಾಡಿಕೊಂಡವರೊಬ್ಬರ ಹೆಸರು ಉಳಿದದ್ದು ನನಗೆ ತುಂಬ ಹಿಡಿಸಿದ ಸಂಗತಿ.

ಮುಂದೆ ಯಾವುದಾದರೂ ಗೆಣ್ಣಿನಲ್ಲಿ ಎಲೆಯಾಗದೆ, ಕುಡಿಯೂ ಆಗದೆ, ತುದಿ ಸಣ್ಣ ಹೂಕೋಸಿನಂತೆ ಉಬ್ಬಿದ ಮೋಟು ಕಡ್ಡಿಯೊಂದು ಕಂಡರೆ ಅದೇ ಹೊಸ ಹೂತೊಟ್ಟು. ಆಮೇಲೆ ಹೂ ಅರಳುವವರೆಗೂ ಕುಂಡವನ್ನು ಬೇರೆ ಕಡೆ ಇಡಬೇಡಿ, ತೀರಾ ಒಣಗಲು ಬಿಡಬೇಡಿ. ಕುಂಡದ ಅಂಚಿನಲ್ಲಿ ಬಳಪದಿಂದ ಒಂದು ಗೆರೆ ಎಳೆದು, ಅದು ಕಿಟಕಿಯ ಕಡೆಗೇ ಇರುವಂತೆ ನೋಡಿಕೊಳ್ಳಿ. ನೀರು ಹಾಕಲು ಎತ್ತಿದರೂ ಮರಳಿ ಅದೇ ದಿಕ್ಕಿಗೆ ಇಡಬಹುದು.